ನಾಗಿನ್ ಹಾಕಿದರೂ ಬಿಎಂಪಿ ನಿಲ್ಲುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಕಾಳಿದಂಡೆ · ಜುಲೈ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು, ಇಲ್ಲಿಯೇ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಜೀವಕೋಶ ಬೆಳೆಸಲು ನಮಗಿರುವುದು ಒಂದು ಸಣ್ಣ ಕೋಣೆ. ಶುದ್ಧ ಗಾಳಿಯಲ್ಲಿ ಕೆಲಸ ಮಾಡುವ ಒಂದು ಹುಡ್, ಒಂದು ಇನ್‌ಕ್ಯುಬೇಟರ್, ಒಂದು ಹಳೆಯ ಸೂಕ್ಷ್ಮದರ್ಶಕ, ಅಷ್ಟೇ. ಆರು ವಾರದಿಂದ ಒಂದೇ ಪ್ರಯೋಗದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಕೆಲಸ ಹೀಗಿದೆ. ಇಲಿಯ ಸ್ನಾಯುವಿನಿಂದ ಬಂದ ಸಿ2ಸಿ12 ಕೋಶಗಳಿಗೆ ಬಿಎಂಪಿ-2 ಎಂಬ ಬೆಳವಣಿಗೆಯ ಪ್ರೋಟೀನ್ ಕೊಟ್ಟರೆ ಅವು ಸ್ನಾಯುವಿನ ದಾರಿ ಬಿಟ್ಟು ಮೂಳೆಯ ದಾರಿ ಹಿಡಿಯುತ್ತವೆ. ಹಿಡಿದದ್ದಕ್ಕೆ ಗುರುತು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ. ಅದಕ್ಕೆ ಬೇಕಾದ ದ್ರಾವಣ ಹಾಕಿದರೆ ತಟ್ಟೆ ಹಳದಿಯಾಗುತ್ತದೆ. ಇದಕ್ಕೆ ನಾಗಿನ್ ಎಂಬ ಇನ್ನೊಂದು ಪ್ರೋಟೀನ್ ಸೇರಿಸಿದರೆ ಅದು ಬಿಎಂಪಿಯನ್ನು ತಡೆದು ಹಳದಿ ಕಡಿಮೆಯಾಗಬೇಕು. ನನ್ನಲ್ಲಿರುವುದು ಇಲಿಯ ನಾಗಿನ್, ಪ್ರಯೋಗಾಲಯಕ್ಕೆಂದೇ ಮಾಡಿದ ರಿಕಾಂಬಿನೆಂಟ್ ಪ್ರೋಟೀನ್, 20 ಮೈಕ್ರೋಗ್ರಾಂನ ವಯಲ್ (ಪುಟ್ಟ ಸೀಸೆ).

ಮೂರು ಸಲ ಮಾಡಿದೆ. ಮೂರು ಸಲವೂ ನಾಗಿನ್ ಹಾಕಿದ ಸಾಲು, ಹಾಕದ ಸಾಲು ಎರಡೂ ಒಂದೇ ಹಳದಿ. ಬಿಎಂಪಿ-2 ಮಿಲಿಗೆ 300 ನ್ಯಾನೋಗ್ರಾಂ, ನಾಗಿನ್ ಮಿಲಿಗೆ 100 ನ್ಯಾನೋಗ್ರಾಂ. ವಯಲ್ ಕೆಟ್ಟಿರಬೇಕು, ಹೊಸದು ತರಿಸೋಣ ಅಂತ ಗೈಡ್ ಹೇಳುತ್ತಾರೆ. ಈ ವರ್ಷದ ಹಣ ಮುಗಿದಿದೆ. ತೆರೆಯದ ಇನ್ನೊಂದು ವಯಲ್ ಇದೆ, ಅದನ್ನೂ ಹಾಳುಮಾಡಲು ಧೈರ್ಯವಿಲ್ಲ. ಪಾರ್ಸೆಲ್ ಬರುವಾಗ ಘಟ್ಟದ ದಾರಿ ಕುಸಿದು ನಾಲ್ಕು ದಿನ ಹುಬ್ಬಳ್ಳಿಯಲ್ಲೇ ಉಳಿದಿತ್ತು. ಅದರಿಂದಲೇ ಹಾಳಾಯಿತೇ?

ಸಹ್ಯಾದ್ರಿಮಾಣಿ · ಜುಲೈ 6, ರಾತ್ರಿ 10:15

ಪಾರ್ಸೆಲ್ ಬಗ್ಗೆ ಚಿಂತೆ ಬೇಡ. ಒಣಪುಡಿಯಾಗಿ ಬರುವ ಇಂಥ ಪ್ರೋಟೀನ್ ಸಾಮಾನ್ಯವಾಗಿ ಕೋಣೆಯ ಉಷ್ಣತೆಯಲ್ಲೇ ಸಾಗಿಸುವಂಥದ್ದು. ನಾಲ್ಕು ದಿನ ದಾರಿಯಲ್ಲಿ ಉಳಿದರೆ ಸಾಯುವುದಿಲ್ಲ. ನೀರು ಹಾಕಿದ ಮೇಲೆಯೇ ಅದರ ಕಷ್ಟ ಶುರು.

ನಾನು ಶಿರಸಿ ಕಡೆಯವನು, ಈಗ ಬೆಂಗಳೂರಿನಲ್ಲಿ ಕರುಳಿನ ಆರ್ಗನಾಯ್ಡ್, ಅಂದರೆ ತಟ್ಟೆಯಲ್ಲಿ ಬೆಳೆಯುವ ಕರುಳಿನ ಪುಟ್ಟ ಮಾದರಿ, ಬೆಳೆಸುತ್ತೇನೆ. ನಾಗಿನ್ ನಮಗೆ ದಿನಬಳಕೆಯ ಸಾಮಾನು. ಇಷ್ಟು ಹೇಳಿ: ವಯಲ್ ತೆರೆಯುವ ಮುಂಚೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಿರಾ? ಯಾವುದರಲ್ಲಿ ಕರಗಿಸಿದಿರಿ? ಎಲ್ಲಿಟ್ಟಿದ್ದೀರಿ? ಮತ್ತೆ ಆ 100 ನ್ಯಾನೋಗ್ರಾಂ ಲೆಕ್ಕ ಎಲ್ಲಿಂದ ಬಂತು?

ಬಂದರುರಸ್ತೆ · ಜುಲೈ 6, ರಾತ್ರಿ 10:31

ನಾಗಿನ್ ಅಂದ ಕೂಡಲೇ ಹಾವಿನ ವಿಷದ ವಿಷಯ ಅಂದುಕೊಂಡು ಒಳಗೆ ಬಂದೆ. ನಾನು ಬೈತಕೋಲ ಬಂದರಿನ ಹತ್ತಿರ ಅಂಗಡಿ ಇಟ್ಟವನು, ಇದರ ಗಂಧವಿಲ್ಲ. ಆದರೂ ಕೇಳುತ್ತೇನೆ: ಇಲಿಯ ಪ್ರೋಟೀನ್ ಅಂದರೆ ಇಲಿ ಕೊಂದು ತೆಗೆಯುವುದಾ? 20 ಮೈಕ್ರೋಗ್ರಾಂ ಅಂದರೆ ಎಷ್ಟು?

ಕಾಳಿದಂಡೆ · ಜುಲೈ 6, ರಾತ್ರಿ 11:05

ಅಣ್ಣಾ, ಹಾವಿಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನ ಆಡುಮಾತಿನಲ್ಲಿ ನಾಗಿನ್ ಅಂದರೆ ತಲೆ. 1992ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿಲಿಯಂ ಸ್ಮಿತ್ ಮತ್ತು ರಿಚರ್ಡ್ ಹಾರ್ಲೆಂಡ್ ಇದನ್ನು ಕಪ್ಪೆಯ ಭ್ರೂಣದಲ್ಲಿ ಕಂಡುಹಿಡಿದರು. ಭ್ರೂಣಕ್ಕೆ ಹೆಚ್ಚು ಕೊಟ್ಟರೆ ಮೈ ಬೆಳೆಯದೆ ತಲೆಯೇ ದೊಡ್ಡದಾಗುತ್ತಿತ್ತು, ಅದಕ್ಕೇ ಆ ಹೆಸರು.

ಇಲಿ ಕೊಲ್ಲುವುದಿಲ್ಲ. ಇಲಿಯಲ್ಲಿ ಈ ಪ್ರೋಟೀನ್ ಹೇಗೆ ಮಾಡಬೇಕು ಅಂತ ಬರೆದಿಟ್ಟ ಜೀನ್ ಇದೆಯಲ್ಲ, ಅದರ ನಕಲನ್ನು ಇ. ಕೊಲೈ ಬ್ಯಾಕ್ಟೀರಿಯಾದ ಒಳಗೆ ಇಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದಂತೆ ಪ್ರೋಟೀನ್ ತಯಾರಾಗುತ್ತದೆ, ಅದನ್ನು ಶುದ್ಧ ಮಾಡಿ ಒಣಗಿಸುತ್ತಾರೆ. ಕೆಲವರು ಸಸ್ತನಿಗಳ ಕೋಶದಲ್ಲೂ ಮಾಡಿಸುತ್ತಾರೆ. ರಿಕಾಂಬಿನೆಂಟ್ ಅಂದರೆ ಇದೇ.

20 ಮೈಕ್ರೋಗ್ರಾಂ ಕಣ್ಣಿಗೆ ಕಾಣುವುದು ಕಷ್ಟ. ಒಂದು ಸಾಸಿವೆ ಕಾಳನ್ನು ನೂರು ಪಾಲು ಮಾಡಿದರೆ ಸುಮಾರು ಒಂದು ಪಾಲು. ವಯಲ್ ಎತ್ತಿ ಬೆಳಕಿಗೆ ಹಿಡಿದರೆ ತಳದಲ್ಲಿ ಉಸಿರು ತಾಗಿದ ಗಾಜಿನಂತೆ ಮಸುಕು ಇರುತ್ತದೆ. ಒಮ್ಮೊಮ್ಮೆ ಅದೂ ಇರುವುದಿಲ್ಲ.

ಮಾಣಿಯವರ ಪ್ರಶ್ನೆಗಳಿಗೆ: ಸೆಂಟ್ರಿಫ್ಯೂಜ್ ಮಾಡಿದೆ. ಶುದ್ಧ ನೀರಿನಲ್ಲಿ ಕರಗಿಸಿದೆ. ಕಶ್ಮಲ ಬರಬಾರದು ಅಂತ 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿದೆ. ಇಲಾಖೆಯ ಫ್ರಿಜ್ಜಿನ ಮೇಲಿನ ಫ್ರೀಜರ್‌ನಲ್ಲಿ ಅದೇ ವಯಲ್‌ನಲ್ಲಿಟ್ಟು ಬೇಕಾದಾಗ ತೆಗೆದು ಬಳಸಿದೆ. 100 ನ್ಯಾನೋಗ್ರಾಂ ಅಂತ ಒಂದು ಪ್ರಬಂಧದಲ್ಲಿ ನೋಡಿದ್ದೆ, ಅದು ಆರ್ಗನಾಯ್ಡ್ ಬಗ್ಗೆಯೇ ಇತ್ತು.

ಅಘನಾಶಿನಿ · ಜುಲೈ 7, ಬೆಳಿಗ್ಗೆ 7:20

ನಾನು ಹದಿನೆಂಟು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಈ ವಯಲ್ ಸತ್ತದ್ದು ಎಲ್ಲಿ ಅಂತ ನನಗೆ ಗೊತ್ತಾಯಿತು ತಂಗೀ. ಎರಡು ಕಡೆ.

ಮೊದಲನೆಯದು ಫಿಲ್ಟರ್. ಇಷ್ಟು ಕಡಿಮೆ ಪ್ರೋಟೀನನ್ನು ಬರೀ ನೀರಿನಲ್ಲಿ ಕರಗಿಸಿ ಫಿಲ್ಟರ್ ದಾಟಿಸಿದರೆ ಅದು ಪೊರೆಗೇ ಅಂಟಿಕೊಳ್ಳುತ್ತದೆ. ದ್ರಾವಣ ತೆಳುವಾದಷ್ಟೂ ನಷ್ಟದ ಪಾಲು ದೊಡ್ಡದು. ನಾಗಿನ್ ಮೊದಲೇ ಅಂಟುವ ಜಾತಿ, ಕೋಶದ ಹೊರಮೈಯ ಹೆಪಾರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗೂ ಅಂಟುತ್ತದೆ. ಪ್ಲಾಸ್ಟಿಕ್ ಟ್ಯೂಬಿನ ಗೋಡೆಯನ್ನೂ ಬಿಡುವುದಿಲ್ಲ. ಅದಕ್ಕೇ ಕರಗಿಸುವಾಗ 0.1 ಶೇಕಡ ಬಿಎಸ್ಎ ಎಂಬ ಇನ್ನೊಂದು ಪ್ರೋಟೀನ್ ಸೇರಿಸುವುದು. ಗೋಡೆಗೆ ಅಂಟುವ ಜಾಗವನ್ನೆಲ್ಲ ಬಿಎಸ್ಎ ತುಂಬಿಬಿಡುತ್ತದೆ, ನಿಮ್ಮ ಪ್ರೋಟೀನ್ ನೀರಿನಲ್ಲಿ ಉಳಿಯುತ್ತದೆ. ಸೋಸಲೇಬೇಕು ಅಂದರೆ ಬಿಎಸ್ಎ ಬೆರೆಸಿದ ದ್ರಾವಣವನ್ನು ಮೊದಲೇ ಸೋಸಿಟ್ಟುಕೊಳ್ಳಿ, ಆಮೇಲೆ ಅದರಲ್ಲಿ ಪ್ರೋಟೀನ್ ಕರಗಿಸಿ.

ಎರಡನೆಯದು ಫ್ರಿಜ್. ಮನೆಯಲ್ಲಿಡುವಂಥ ಫ್ರಾಸ್ಟ್ ಫ್ರೀ ಫ್ರಿಜ್ ಆಗಿದ್ದರೆ, ಮಂಜು ಕಟ್ಟದಿರಲಿ ಅಂತ ಅದು ತನ್ನಷ್ಟಕ್ಕೆ ಆಗಾಗ ಬೆಚ್ಚಗಾಗುತ್ತದೆ. ಜತೆಗೆ ನಮ್ಮ ಕರಾವಳಿಯ ಜುಲೈ. ಗಾಳಿ ಬೀಸಿದರೆ ಕರೆಂಟ್ ಹೋಯಿತು. ಒಳಗಿದ್ದ ವಯಲ್ ಎಷ್ಟು ಸಲ ಕರಗಿ ಎಷ್ಟು ಸಲ ಗಟ್ಟಿಯಾಯಿತೋ ಲೆಕ್ಕವಿಲ್ಲ.

ಇನ್ನೊಂದು ಮಾತು, ನಮ್ಮ ಕಡೆಯವರಿಗೆ ಮಾತ್ರ ಬೇಕಾದದ್ದು. ತಣ್ಣಗಿನ ವಯಲ್ಲನ್ನು ಈ ತೇವದ ಗಾಳಿಯಲ್ಲಿ ತಟ್ಟನೆ ತೆರೆಯಬೇಡಿ. ಹೊರಗೆ ಹನಿ ಕಟ್ಟಿದ್ದು ಕಾಣುತ್ತದಲ್ಲ, ಮುಚ್ಚಳ ತೆಗೆದರೆ ಒಳಗೂ ಅದೇ ಆಗುತ್ತದೆ. ಅರ್ಧ ಗಂಟೆ ಹೊರಗಿಟ್ಟು, ಗಾಜಿನ ಮೈ ಒಣಗಿದ ಮೇಲೆ ತೆರೆಯಿರಿ.

ಸಹ್ಯಾದ್ರಿಮಾಣಿ · ಜುಲೈ 7, ಬೆಳಿಗ್ಗೆ 9:02

ಅಘನಾಶಿನಿಯವರು ಹೇಳಿದ್ದೆಲ್ಲ ಸರಿ. ಆದರೆ ಮುಖ್ಯ ತಪ್ಪು ಅದಲ್ಲ ಅಂತ ನನ್ನ ನಂಬಿಕೆ. ವಯಲ್ ನೂರಕ್ಕೆ ನೂರು ಚೆನ್ನಾಗಿದ್ದರೂ ಈ ಪ್ರಯೋಗ ಸೋಲುತ್ತಿತ್ತು. ಹೊಸ ವಯಲ್ ತರಿಸಿದ್ದರೂ ಸೋಲುತ್ತಿತ್ತು. ಸಂಜೆ ಕೂತು ಲೆಕ್ಕ ಬರೆಯುತ್ತೇನೆ.

ಬೆಟ್ಟದಂಚು · ಜುಲೈ 7, ಮಧ್ಯಾಹ್ನ 1:45

ತಂಗೀ, ಯಂಗೆ ಜೀವಕೋಶದ ವಿಷಯ ಗೊತ್ತಿಲ್ಲೆ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾಗಿ ಶಿರಸಿ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಈಗ ನಮ್ಮಲ್ಲಿ ಕೊಳೆ ರೋಗಕ್ಕೆ ಔಷಧ ಹೊಡೆಯುವ ಹೊತ್ತು, ಹಾಗಾಗಿ ಒಂದು ಮಾತು ನೆನಪಾಯಿತು.

ಆ ಔಷಧವೇ ಬೋರ್ಡೋ ದ್ರಾವಣ. ಅದಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಳತೆ ಎಲ್ಲರಿಗೂ ಗೊತ್ತು. ಆದರೂ ಸುಣ್ಣ ಹಳೆಯದಾಗಿದ್ದರೆ ಕೆಲಸ ಕೆಡುತ್ತದೆ. ಅದಕ್ಕೇ ಹೊಡೆಯುವ ಮುಂಚೆ ಬೆಳಗಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು. ಔಷಧ ಹೊಡೆಯುವ ಕೊನೆಗೌಡ ಮರ ಹತ್ತುವ ಮುಂಚೆ ಈ ಪರೀಕ್ಷೆ ಆಗಿರಬೇಕು. ಹೊಡೆದಾದ ಮೇಲೆ ಗೊತ್ತಾದರೆ ಏನು ಬಂತು?

ನಿಮ್ಮ ಪ್ರಯೋಗದಲ್ಲಿ ಆ ಕತ್ತಿ ಯಾವುದು? ನಾಗಿನ್ ಸರಿಯಿದೆ ಅಂತ ತೋರಿಸುವ ಬೇರೆ ಒಂದು ಗುರುತು ಇರಬೇಕಲ್ಲ.

ಕಾಳಿದಂಡೆ · ಜುಲೈ 7, ಮಧ್ಯಾಹ್ನ 2:30

ಮಾಸ್ತರ್ರೇ, ನಿಮ್ಮ ಪ್ರಶ್ನೆ ಓದಿ ಹುಡ್ ಎದುರು ಸುಮ್ಮನೆ ಕೂತುಬಿಟ್ಟೆ. ಆ ಕತ್ತಿ ನನ್ನ ಪ್ರಯೋಗದಲ್ಲಿ ಇರಲೇ ಇಲ್ಲ. ಬಿಎಂಪಿ ಹಾಕಿದ್ದು, ಹಾಕದ್ದು, ಎರಡೂ ಹಾಕಿದ್ದು – ಇಷ್ಟೇ ಸಾಲು. ನಾಗಿನ್ ಪ್ರಮಾಣ ಮೆಟ್ಟಿಲುಮೆಟ್ಟಿಲಾಗಿ ಏರಿಸಿ ನೋಡಿದವಳೇ ಅಲ್ಲ.

ಮುರುಗಲು · ಜುಲೈ 7, ಸಂಜೆ 4:10

ನಾನು ಕುಮಟೆಯವಳು, ವಿಜ್ಞಾನ ಓದಿದವಳಲ್ಲ. ಮೂಳೆ ಬೆಳೆಸುವ ಪ್ರೋಟೀನ್, ಅದನ್ನು ತಡೆಯುವ ಪ್ರೋಟೀನ್ ಅಂತ ಇಲ್ಲಿ ಓದಿ ಎದೆ ಹೊಡೆದುಕೊಂಡಿತು, ಅದಕ್ಕೆ ಕೇಳುತ್ತಿದ್ದೇನೆ. ನನ್ನ ಅಣ್ಣನ ಮಗನಿಗೆ ಒಂಬತ್ತು ವರ್ಷ. ಹುಟ್ಟಿದಾಗಿನಿಂದ ಬೆರಳುಗಳ ಬುಡದ ಕಡೆಯ ಗಿಣ್ಣು ಮಡಚುವುದಿಲ್ಲ, ನೆಟ್ಟಗೇ ಇರುತ್ತವೆ. ಅತ್ತಿಗೆಯ ಅಪ್ಪನಿಗೂ ಹಾಗೇ ಇತ್ತಂತೆ. ಗಿಣ್ಣಿನ ಜಾಗದಲ್ಲಿ ಮೂಳೆ ಕೂಡಿಕೊಂಡಿದೆ ಅಂತ ಡಾಕ್ಟರ್ ಹೇಳಿದ್ದರು. ಈ ನಾಗಿನ್ ಕೊಟ್ಟರೆ ಬಿಡಿಸಿಕೊಳ್ಳಬಹುದಾ?

ಸಹ್ಯಾದ್ರಿಮಾಣಿ · ಜುಲೈ 7, ಸಂಜೆ 6:50

ಅಕ್ಕಾ, ಮೊದಲು ನಿಮ್ಮ ಪ್ರಶ್ನೆಗೆ ಉತ್ತರಿಸುತ್ತೇನೆ, ಲೆಕ್ಕ ಆಮೇಲೆ.

ಈ ವಯಲ್‌ನಲ್ಲಿರುವುದು ಔಷಧವಲ್ಲ. ಮನುಷ್ಯರಿಗೆ ಕೊಡುವಂತೆ ಶುದ್ಧ ಮಾಡಿದ್ದೂ ಅಲ್ಲ, ಪರೀಕ್ಷೆ ಮಾಡಿದ್ದೂ ಅಲ್ಲ. ಲೇಬಲ್ ಮೇಲೆ ಸಂಶೋಧನೆಗೆ ಮಾತ್ರ ಅಂತ ಬರೆದಿರುತ್ತದೆ, ಆ ಮಾತು ಅಕ್ಷರಶಃ ನಿಜ. ಯಾರಾದರೂ ಕೊಡಿಸುತ್ತೇನೆ ಅಂದರೂ ಒಪ್ಪಬೇಡಿ. ಗಿಣ್ಣು ಮೂಡುವುದು ತಾಯಿಯ ಹೊಟ್ಟೆಯಲ್ಲಿ. ಆ ಹೊತ್ತು ದಾಟಿ ಮೂಳೆ ಕೂಡಿಕೊಂಡ ಮೇಲೆ ನಾಗಿನ್ ಸುರಿದರೂ ಅದು ಬಿಡಿಸಿಕೊಳ್ಳುವುದಿಲ್ಲ.

ಆದರೆ ನಿಮಗೆ ಅನಿಸಿದ ಸಂಬಂಧ ಸುಳ್ಳಲ್ಲ. ನಾಗಿನ್ ಜೀನ್ ಇಲ್ಲದ ಇಲಿಗಳ ಬಗ್ಗೆ 1998ರಲ್ಲಿ ವರದಿ ಬಂತು. ಅವುಗಳಲ್ಲಿ ಮೃದ್ವಸ್ಥಿ ಅತಿಯಾಗಿ ಬೆಳೆದು ಕೀಲುಗಳೇ ಮೂಡಿರಲಿಲ್ಲ, ಮರಿಗಳು ಬದುಕಲಿಲ್ಲ. ಮರುವರ್ಷ, 1999ರಲ್ಲಿ, ಬೆರಳಿನ ಗಿಣ್ಣು ಕೂಡಿಕೊಂಡ ಮನುಷ್ಯರ ಕುಟುಂಬಗಳಲ್ಲಿ ಅದೇ ಜೀನ್‌ನ ದೋಷ ಸಿಕ್ಕಿತು. ಗಿಣ್ಣು ಆಗಬೇಕಾದ ಜಾಗದಲ್ಲಿ 'ಇಲ್ಲಿ ಮೂಳೆ ಬೇಡ' ಅಂತ ತಡೆಯುವುದು ನಾಗಿನ್ ಕೆಲಸ. ತಡೆ ಸಾಲದೆ ಹೋದರೆ ಎರಡು ಮೂಳೆ ಒಂದಾಗುತ್ತವೆ. ನಿಮ್ಮ ಹುಡುಗನಲ್ಲಿ ಇದೇ ಜೀನ್ ಅಂತ ಇಲ್ಲಿ ಕೂತು ಹೇಳಲಾಗದು. ಜಿಡಿಎಫ್5 ಅನ್ನುವ ಇನ್ನೊಂದು ಜೀನ್‌ನಿಂದಲೂ ಹೀಗಾಗುತ್ತದೆ. ಪರೀಕ್ಷೆಯಿಂದಲೇ ತಿಳಿಯಬೇಕು.

ಒಂದು ವಿಷಯ ದಯವಿಟ್ಟು ಮರೆಯಬೇಡಿ. ಹೀಗೆ ಬೆರಳು ಕೂಡಿಕೊಂಡ ಕೆಲವರಲ್ಲಿ ಕಿವಿಯೊಳಗಿನ ಪುಟ್ಟ ಮೂಳೆಯೂ, ಸ್ಟೇಪಿಸ್ ಅಂತ ಅದರ ಹೆಸರು, ಬಿಗಿದುಕೊಂಡು ಕೇಳಿಸುವುದು ಕಡಿಮೆಯಾಗುತ್ತದೆ. ಬೆರಳಿಗೆ ಮಾಡಬಹುದಾದ ಚಿಕಿತ್ಸೆ ಕಡಿಮೆ, ಆದರೆ ಕಿವಿಗೆ ಚಿಕಿತ್ಸೆ ಇದೆ. ಹುಡುಗನ ಕಿವಿಯನ್ನು ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿ.

ಮುರುಗಲು · ಜುಲೈ 7, ಸಂಜೆ 7:25

ಕೂಗಿದರೆ ಓಗೊಡುವುದಿಲ್ಲ ಅಂತ ಅವನಿಗೆ ದಿನಾ ಬೈಸಿಕೊಳ್ಳುವುದೇ. ಗಮನವಿಲ್ಲ, ಹಟಮಾರಿ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅಣ್ಣನಿಗೆ ಈಗಲೇ ಫೋನ್ ಮಾಡುತ್ತೇನೆ.

ಸಹ್ಯಾದ್ರಿಮಾಣಿ · ಜುಲೈ 7, ರಾತ್ರಿ 9:30

ಈಗ ಲೆಕ್ಕ. ಕಾಳಿದಂಡೆಯವರೇ, ಕಾಗದ ಪೆನ್ನು ತೆಗೆದುಕೊಳ್ಳಿ.

ನಾಗಿನ್ ಬಿಎಂಪಿಯನ್ನು ಕೊಲ್ಲುವುದಿಲ್ಲ, ಕತ್ತರಿಸುವುದೂ ಇಲ್ಲ. ಅಪ್ಪಿ ಹಿಡಿದುಕೊಳ್ಳುತ್ತದೆ. ಬಿಎಂಪಿ ಕೋಶದ ಮೇಲಿರುವ, ಸಂದೇಶ ಹಿಡಿಯುವ ತನ್ನ ರಿಸೆಪ್ಟರ್‌ಗೆ ಕೂರುವ ಜಾಗವೆಲ್ಲ ನಾಗಿನ್ ಕೈಯೊಳಗೆ ಮುಚ್ಚಿಹೋಗುತ್ತದೆ. 2002ರಲ್ಲಿ ನಾಗಿನ್ ಮತ್ತು ಬಿಎಂಪಿ-7 ಕೂಡಿದ ಹರಳಿನ ರಚನೆ ಪ್ರಕಟವಾದಾಗ ಇದು ಕಣ್ಣಿಗೇ ಕಂಡಿತು. ಎರಡೂ ಜೋಡಿಯಾಗಿರುವ ಪ್ರೋಟೀನ್‌ಗಳು, ನಾಗಿನ್‌ನ ಒಂದು ಜೋಡಿ ಬಿಎಂಪಿಯ ಒಂದು ಜೋಡಿಯನ್ನು ಹಿಡಿಯುತ್ತದೆ. ಒಂದಕ್ಕೆ ಒಂದು. ಹಾಗಾಗಿ ಇಲ್ಲಿ ಬೇಕಾದದ್ದು ತೂಕವಲ್ಲ, ಎಣಿಕೆ.

ನಾಗಿನ್ ಜೋಡಿಯ ತೂಕ ಸುಮಾರು 46 ಸಾವಿರ ಡಾಲ್ಟನ್ (ಅಣುವಿನ ತೂಕದ ಅಳತೆ). ಮಿಲಿಗೆ 100 ನ್ಯಾನೋಗ್ರಾಂ ಅಂದರೆ 2.2 ನ್ಯಾನೋಮೋಲಾರ್, ಇದು ಎಣಿಕೆಯ ಅಳತೆ. ಬಿಎಂಪಿ-2 ಜೋಡಿ ಹಗುರ, ಬ್ಯಾಕ್ಟೀರಿಯಾದಲ್ಲಿ ಮಾಡಿದ್ದಾದರೆ ಸುಮಾರು 26 ಸಾವಿರ. ಮಿಲಿಗೆ 300 ನ್ಯಾನೋಗ್ರಾಂ ಅಂದರೆ 11.5 ನ್ಯಾನೋಮೋಲಾರ್. ಅಂದರೆ ನಿಮ್ಮ ತಟ್ಟೆಯಲ್ಲಿ ಪ್ರತಿ ಒಂದು ನಾಗಿನ್‌ಗೆ ಐದು ಬಿಎಂಪಿ ಇವೆ. ಒಂದನ್ನು ಹಿಡಿದರೂ ನಾಲ್ಕು ಬಿಡುವಾಗಿ ಓಡಾಡುತ್ತಿವೆ. ಕೋಶವನ್ನು ಮೂಳೆಯ ದಾರಿಗೆ ಎಳೆಯಲು ಆ ನಾಲ್ಕೇ ಸಾಕು.

ನಮ್ಮ ಆರ್ಗನಾಯ್ಡ್‌ಗೆ ಮಿಲಿಗೆ 100 ನ್ಯಾನೋಗ್ರಾಂ ಯಾಕೆ ಸಾಕಾಗುತ್ತದೆ? 2009ರಲ್ಲಿ ಹಾನ್ಸ್ ಕ್ಲೆವರ್ಸ್ ಪ್ರಯೋಗಾಲಯದವರು ಇಜಿಎಫ್, ನಾಗಿನ್, ಆರ್-ಸ್ಪಾಂಡಿನ್ ಎಂಬ ಮೂರು ಪ್ರೋಟೀನ್ ಬೆರೆಸಿ ಕರುಳಿನ ಆರ್ಗನಾಯ್ಡ್ ಬೆಳೆಸಿದರು. ಅಲ್ಲಿ ಹೊರಗಿನಿಂದ ಬಿಎಂಪಿಯನ್ನು ಯಾರೂ ಸುರಿಯುವುದಿಲ್ಲ. ಕೋಶಗಳು ತಾವೇ ಮಾಡಿಕೊಳ್ಳುವ ಅಷ್ಟಿಷ್ಟನ್ನು ತಡೆದರೆ ಆಯಿತು. ಆ ಅಡುಗೆಯ ಉಪ್ಪಿನ ಅಳತೆಯನ್ನು ನೀವು ಈ ಅಡುಗೆಗೆ ಹಾಕಿದ್ದೀರಿ.

ಬೆಟ್ಟದಂಚು · ಜುಲೈ 7, ರಾತ್ರಿ 10:05

ಈಗ ಯಂಗೂ ತಿಳೀತು. ಮಳೆಗಾಲಕ್ಕೆ ಮುಂಚೆ ಅಡಿಕೆ ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಕಟ್ಟಿದ ಹಾಗೆ. ಕೊಟ್ಟೆ ಕಟ್ಟಿದ ಕೊನೆಗೆ ನೀರು ತಾಗುವುದಿಲ್ಲ, ಕೊಳೆಯೂ ಬರುವುದಿಲ್ಲ. ಐದು ಕೊನೆ ಇರುವಲ್ಲಿ ಒಂದೇ ಕೊಟ್ಟೆ ಕಟ್ಟಿ, ಕೊಟ್ಟೆಯ ಪ್ಲಾಸ್ಟಿಕ್ಕೇ ಸರಿಯಿಲ್ಲ ಅಂತ ಅಂಗಡಿಯವನಿಗೆ ಹೇಳಲು ಹೊರಟಿದ್ದೆವು.

ಅಘನಾಶಿನಿ · ಜುಲೈ 8, ಬೆಳಿಗ್ಗೆ 6:55

ಲೆಕ್ಕ ಒಪ್ಪಿದೆ. ಆದರೆ ಕೊಟ್ಟೆ ತೂತಾಗಿಲ್ಲ ಅಂತ ಹೇಗೆ ಹೇಳುತ್ತೀರಿ? ಫಿಲ್ಟರ್ ದಾಟಿದ ಮೇಲೆ ಮಿಲಿಗೆ 100 ಅಂತ ಅವರು ಬರೆದುಕೊಂಡದ್ದು ನಿಜಕ್ಕೂ 100 ಅಲ್ಲವೇ ಅಲ್ಲ. ಮೂವತ್ತಿರಬಹುದು, ಹತ್ತಿರಬಹುದು. ಬರೀ ಪ್ರಮಾಣ ಏರಿಸಿದರೆ ಹಾಳಾದ ಪ್ರೋಟೀನನ್ನೇ ಹೆಚ್ಚು ಸುರಿದ ಹಾಗಾಗುತ್ತದೆ. ನನ್ನ ಕಣ್ಣೆದುರೇ ಹೀಗೆ ಎಷ್ಟೋ ಮಕ್ಕಳ ವರ್ಷಗಳು ಹೋಗಿವೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಸಹ್ಯಾದ್ರಿಮಾಣಿ · ಜುಲೈ 8, ಬೆಳಿಗ್ಗೆ 9:40

ನೀವು ಹೇಳುವುದು ನ್ಯಾಯವೇ. ಎರಡನ್ನೂ ಬೇರೆ ಬೇರೆ ಮಾಡಿ ನೋಡಬಹುದು. ಹಳೆಯ ವಯಲ್‌ನಿಂದ ಒಂದು ಸಾಲು, ಹೊಸ ವಯಲ್‌ನಿಂದ ಒಂದು ಸಾಲು. ಎರಡರಲ್ಲೂ ನಾಗಿನ್ 0, 100, 200, 500. ಬಿಎಂಪಿ-2 ಮಿಲಿಗೆ 100ಕ್ಕೆ ಇಳಿಸಿ, ಅಂದರೆ 3.8 ನ್ಯಾನೋಮೋಲಾರ್. ಆಗ ನಾಗಿನ್ 200ರ ಹತ್ತಿರ ಒಂದಕ್ಕೊಂದು ಸಮನಾಗುತ್ತದೆ, 500ರಲ್ಲಿ ಎರಡೂವರೆ ಪಾಲಿಗಿಂತ ಹೆಚ್ಚು. ಅಷ್ಟು ಬಿಎಂಪಿಗೆ ಹಳದಿ ಬರುತ್ತದೋ ಇಲ್ಲವೋ ಮೊದಲು ಖಚಿತ ಮಾಡಿಕೊಳ್ಳಿ.

24 ಗುಳಿಯ ತಟ್ಟೆ ಬಿಟ್ಟು 96 ಗುಳಿಯದ್ದು ಬಳಸಿ. ಅರ್ಧ ಮಿಲಿ ಬೇಕಾದಲ್ಲಿ 100 ಮೈಕ್ರೋಲೀಟರ್ ಸಾಕು. ಮಿಲಿಗೆ 500ರ ಲೆಕ್ಕದಲ್ಲೂ ಒಂದು ಗುಳಿಗೆ 50 ನ್ಯಾನೋಗ್ರಾಂ ಮಾತ್ರ ಖರ್ಚು. 20 ಮೈಕ್ರೋಗ್ರಾಂ ವಯಲ್ ತಿಂಗಳುಗಟ್ಟಲೆ ಬರುತ್ತದೆ.

ಇನ್ನೊಂದು. ಬಿಎಂಪಿಯನ್ನೂ ನಾಗಿನ್ನನ್ನೂ ಮೊದಲೇ ಮಾಧ್ಯಮದಲ್ಲಿ, ಅಂದರೆ ಕೋಶ ಬೆಳೆಯುವ ದ್ರವದಲ್ಲಿ, ಬೆರೆಸಿ, ಅರ್ಧ ಗಂಟೆ ಬಿಟ್ಟು ಕೋಶಗಳಿಗೆ ಹಾಕಿ. ಬಿಎಂಪಿ ಮೊದಲು ಕೋಶವನ್ನು ಮುಟ್ಟಿದರೆ ಸಂದೇಶ ಒಳಗೆ ಹೋಗಿಬಿಟ್ಟಿರುತ್ತದೆ. ಮಾಧ್ಯಮ ಬದಲಿಸುವಾಗಲೆಲ್ಲ ಎರಡನ್ನೂ ಮತ್ತೆ ಹಾಕುವುದು ಮರೆಯಬೇಡಿ.

ವಯಲ್ ಜತೆ ಬಂದ ಹಾಳೆಯನ್ನೂ ಓದಿ. ಇಡಿ50 ಅಂತ ಇರುತ್ತದೆ, ಇಲಿಯ ಎಟಿಡಿಸಿ5 ಕೋಶಗಳಲ್ಲಿ ಇಷ್ಟು ಬಿಎಂಪಿ-4 ಇದ್ದಾಗ ಅರ್ಧಕ್ಕೆ ತಡೆಯಲು ಇಷ್ಟು ನಾಗಿನ್ ಬೇಕಾಯಿತು ಅಂತ. ಎಲ್ಲರೂ ನಾಗಿನ್ ಅಂಕಿ ನೋಡಿ ಬಿಡುತ್ತಾರೆ. ಪಕ್ಕದಲ್ಲಿರುವ ಬಿಎಂಪಿ ಅಂಕಿಯನ್ನು ಯಾರೂ ಓದುವುದಿಲ್ಲ. ಅದಿಲ್ಲದೆ ಮೊದಲಿನದಕ್ಕೆ ಅರ್ಥವೇ ಇಲ್ಲ.

ಬಂದರುರಸ್ತೆ · ಜುಲೈ 8, ಬೆಳಿಗ್ಗೆ 11:15

ಬಿಎಸ್ಎ ಅಂದರೆ ಏನು ಅಂತ ಮೊಬೈಲಿನಲ್ಲಿ ನೋಡಿದೆ. ದನದ ರಕ್ತದ್ದಂತೆ. ಇಲಿ ಕೊಲ್ಲುವುದಿಲ್ಲ ಅಂದಿರಿ, ಹಾಗಾದರೆ ಇದು?

ಕಾಳಿದಂಡೆ · ಜುಲೈ 8, ಮಧ್ಯಾಹ್ನ 12:50

ಅಣ್ಣಾ, ಮುಚ್ಚಿಡುವುದಿಲ್ಲ. ಬಿಎಸ್ಎ ದನದ ರಕ್ತದಿಂದಲೇ ಬರುತ್ತದೆ. ಕೋಶ ಬೆಳೆಸುವ ಸೀರಂ ಇದೆಯಲ್ಲ, ಅದು ಇನ್ನೂ ಕಷ್ಟದ್ದು, ಹುಟ್ಟದ ಕರುವಿನ ರಕ್ತದ್ದು. ನಮ್ಮ ಆಯಿ ಒಂದು ಸಲ ಇದನ್ನು ಕೇಳಿ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಬಿಎಸ್ಎ ಬದಲು ಜೀನ್ ಮೂಲಕ ಮಾಡಿದ ಮಾನವ ಆಲ್ಬುಮಿನ್ ಸಿಗುತ್ತದೆ, ಸೀರಂ ಇಲ್ಲದ ಮಾಧ್ಯಮಗಳೂ ಇವೆ. ಬೆಲೆ ನಮ್ಮಂಥ ಪ್ರಯೋಗಾಲಯಕ್ಕೆ ಎಟುಕುವುದಿಲ್ಲ. ಇದಕ್ಕೇ ಪ್ರಯೋಗ ಸುಮ್ಮನೆ ಸೋಲುವುದು ನನಗೆ ಸಹಿಸಲಾಗುವುದಿಲ್ಲ. ಸೋತ ಪ್ರತಿ ತಟ್ಟೆಯಲ್ಲೂ ಅದು ಖರ್ಚಾಗಿರುತ್ತದೆ.

ಬಂದರುರಸ್ತೆ · ಜುಲೈ 8, ಮಧ್ಯಾಹ್ನ 1:20

ಹೇಳಿದ್ದಕ್ಕೆ ಸಂತೋಷ ತಂಗೀ. ಇನ್ನೊಂದು ಕೇಳಿ ಸುಮ್ಮನಾಗುತ್ತೇನೆ. ಇಲಿಯ ನಾಗಿನ್ ಮನುಷ್ಯರ ಕೋಶಕ್ಕೆ ಹಿಡಿಸುತ್ತದಾ?

ಸಹ್ಯಾದ್ರಿಮಾಣಿ · ಜುಲೈ 8, ಮಧ್ಯಾಹ್ನ 2:00

ಹಿಡಿಸುತ್ತದೆ. ಇಲಿಯದ್ದೂ ಮನುಷ್ಯರದ್ದೂ ಶೇಕಡ 99ರಷ್ಟು ಒಂದೇ. ನಾನು ಇಲಿಯದ್ದನ್ನೇ ಎರಡಕ್ಕೂ ಬಳಸುತ್ತೇನೆ.

ನೀವು ಕೇಳಿದ್ದು ಬಹಳ ದೊಡ್ಡ ವಿಷಯ, ನಾಗಿನ್ ಸಿಕ್ಕ ಕಥೆಯನ್ನೇ ಹೇಳುತ್ತೇನೆ. 1924ರಲ್ಲಿ ಹಾನ್ಸ್ ಸ್ಪೀಮಾನ್ ಮತ್ತು ಹಿಲ್ಡೆ ಮಾಂಗೋಲ್ಡ್ ಒಂದು ಉಭಯಚರದ ಭ್ರೂಣದಿಂದ ಚಿಕ್ಕ ತುಣುಕು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆ ಇಟ್ಟರು. ಅಲ್ಲಿ ಎರಡನೆಯ ಬೆನ್ನು, ಎರಡನೆಯ ಮಿದುಳುಬಳ್ಳಿ ಮೂಡಿತು. ಆ ತುಣುಕಿನಲ್ಲಿ ಏನೋ ಆಜ್ಞೆ ಕೊಡುವ ವಸ್ತು ಇದೆ ಅಂತ ಎಪ್ಪತ್ತು ವರ್ಷ ಹತ್ತಿರ ಹುಡುಕಿದರು. ಸಿಕ್ಕಿದವುಗಳಲ್ಲಿ ನಾಗಿನ್ ಒಂದು, ಕಾರ್ಡಿನ್ ಇನ್ನೊಂದು. ಸಿಕ್ಕಿದ ಮೇಲೆ ತಿಳಿದದ್ದು, ಅದು 'ಮಿದುಳು ಆಗು' ಅಂತ ಆಜ್ಞೆ ಕೊಡುವುದೇ ಅಲ್ಲ ಅಂತ. ಬಿಎಂಪಿ 'ಚರ್ಮ ಆಗು' ಅನ್ನುತ್ತಿರುತ್ತದೆ, ನಾಗಿನ್ ಅದರ ಬಾಯಿ ಮುಚ್ಚಿಸುತ್ತದೆ. ಬಾಯಿ ಮುಚ್ಚಿದ ಜಾಗದಲ್ಲಿ ಕೋಶಗಳು ತಮ್ಮಷ್ಟಕ್ಕೆ ನರವಾಗುತ್ತವೆ. ನೊಬೆಲ್ 1935ರಲ್ಲಿ ಸ್ಪೀಮಾನ್‌ಗೆ ಬಂತು. ತನ್ನ ಕೈಯಾರೆ ಆ ತುಣುಕುಗಳನ್ನು ನೆಟ್ಟ ಹಿಲ್ಡೆ, ಪ್ರಬಂಧ ಬಂದ ವರ್ಷವೇ ಮನೆಯಲ್ಲಿ ಸ್ಟೌ ಅಪಘಾತದಲ್ಲಿ ತೀರಿಕೊಂಡಿದ್ದಳು. ನಾನು ವಯಲ್ ತೆಗೆದಾಗಲೆಲ್ಲ ಅವಳ ನೆನಪಾಗುತ್ತದೆ.

ಕಾಳಿದಂಡೆ · ಜುಲೈ 21, ರಾತ್ರಿ 8:15

ಎರಡು ವಾರ ಸುದ್ದಿಯಿಲ್ಲದೆ ಹೋದೆ, ಕ್ಷಮಿಸಿ. ಈಗ ಬರೆಯಲು ಕೈ ನಡುಗುತ್ತಿದೆ, ಸಂತೋಷಕ್ಕೆ.

ಹೊಸ ವಯಲ್ ಅರ್ಧ ಗಂಟೆ ಹೊರಗಿಟ್ಟೆ. ಗಾಜಿನ ಮೇಲಿನ ಹನಿ ಆರುವವರೆಗೂ ಅದನ್ನೇ ನೋಡುತ್ತ ಕೂತಿದ್ದೆ. ತಿರುಗಿಸಿ, ಮೊದಲೇ ಸೋಸಿದ ಬಿಎಸ್ಎ ದ್ರಾವಣ 200 ಮೈಕ್ರೋಲೀಟರ್ ಹಾಕಿ, ಅಲುಗಾಡಿಸದೆ ಹತ್ತು ನಿಮಿಷ ಬಿಟ್ಟೆ. ಹತ್ತು ಹತ್ತು ಮೈಕ್ರೋಲೀಟರ್‌ನ ಇಪ್ಪತ್ತು ಅಲಿಕಾಟ್, ಅಂದರೆ ಒಂದೊಂದು ಸಲಕ್ಕೆ ಬೇಕಾದಷ್ಟು ಪಾಲು, ಆಯಿತು. ಪಕ್ಕದ ವಿಭಾಗದವರನ್ನು ಕೇಳಿಕೊಂಡು ಅವರ ಮೈನಸ್ 80ರಲ್ಲಿ ಇಟ್ಟಿದ್ದೇನೆ, ಅದಕ್ಕೆ ಜನರೇಟರ್ ಇದೆ.

ನಾಲ್ಕನೆಯ ದಿನ ಬಣ್ಣದ ದ್ರಾವಣ ಹಾಕಿದೆ. ಬಿಎಂಪಿ ಮಾತ್ರ ಹಾಕಿದ ಗುಳಿಗಳು ಅರಿಶಿನ ನೀರಿನ ಹಾಗೆ. ಹೊಸ ವಯಲ್‌ನ ಸಾಲಿನಲ್ಲಿ 100ಕ್ಕೆ ಹಳದಿ ಅರ್ಧಕ್ಕಿಳಿಯಿತು, 200ಕ್ಕೆ ಬಹಳ ತೆಳುವಾಯಿತು, 500ಕ್ಕೆ ಬಿಎಂಪಿಯೇ ಹಾಕದ ಗುಳಿಗೂ ಇದಕ್ಕೂ ಬಣ್ಣದಲ್ಲಿ ವ್ಯತ್ಯಾಸ ಹೇಳಲು ಬರಲಿಲ್ಲ. ಹಳೆಯ ವಯಲ್‌ನಲ್ಲಿ 100, 200 ಎರಡೂ ಪ್ರಯೋಜನವಿಲ್ಲ, 500ಕ್ಕೆ ಮಾತ್ರ ಸ್ವಲ್ಪ ಇಳಿಯಿತು. ಅಘನಾಶಿನಿಯವರು ಹೇಳಿದ್ದೂ ಸರಿ, ಮಾಣಿಯವರು ಹೇಳಿದ್ದೂ ಸರಿ. ಹಳೆಯ ಅಳತೆಯನ್ನೂ ಹೊಸ ವಯಲ್‌ನಲ್ಲಿ ಒಂದೆರಡು ಗುಳಿಗೆ ಹಾಕಿ ನೋಡಿದೆ, 300ಕ್ಕೆ 100. ಹಳದಿ ಹಾಗೇ ಇತ್ತು. ಹೊಸದು ತರಿಸಿದ್ದರೂ ಸೋಲುತ್ತಿತ್ತು ಅಂದದ್ದು ನಿಜ.

ಬಣ್ಣಕ್ಕಿಂತ ಹೆಚ್ಚು ಖುಷಿಯಾದದ್ದು ಸೂಕ್ಷ್ಮದರ್ಶಕದಲ್ಲಿ. ಬಿಎಂಪಿ ಹಾಕಿದಲ್ಲಿ ಕೋಶಗಳೆಲ್ಲ ಚದುರಿ ಚಪ್ಪಟೆಯಾಗಿ ಕೂತಿದ್ದವು. ನಾಗಿನ್ 500ರ ಗುಳಿಯಲ್ಲಿ ಅವು ಒಂದಕ್ಕೊಂದು ಬೆಸೆದುಕೊಂಡು ಉದ್ದುದ್ದ ಎಳೆಗಳಾಗಿದ್ದವು, ಎಲ್ಲ ಒಂದೇ ಕಡೆ ಮುಖ ಮಾಡಿ, ಇಳಿತದ ಹೊತ್ತಿನಲ್ಲಿ ಕಾಳಿ ನದಿಯ ಮರಳಿನ ಮೇಲೆ ಉಳಿಯುವ ಗೆರೆಗಳ ಹಾಗೆ. ಸ್ನಾಯುವಿನ ಎಳೆ. ಮಾಸ್ತರ್ರೇ, ಇದೇ ನನ್ನ ಕತ್ತಿ ಅಂತ ಗೊತ್ತಾಯಿತು. ಇನ್ನು ಮುಂದೆ ಹಳದಿ ಹಾಕುವ ಮುಂಚೆ ಇದನ್ನು ನೋಡಿಯೇ ಮುಂದಿನ ಕೆಲಸ.

ಗೈಡ್‌ಗೆ ತೋರಿಸಿದೆ. ಎರಡು ನಿಮಿಷ ಕಣ್ಣು ತೆಗೆಯಲಿಲ್ಲ. ಆಮೇಲೆ ಲೆಕ್ಕದ ಕಾಗದ ಕೇಳಿ ಇಸಿದುಕೊಂಡು ಇನ್‌ಕ್ಯುಬೇಟರ್ ಬಾಗಿಲಿಗೆ ಅಂಟಿಸಿದರು.

ಅಘನಾಶಿನಿ · ಜುಲೈ 21, ರಾತ್ರಿ 8:50

ಶಾಬಾಸ್ ತಂಗೀ. ಅಲಿಕಾಟ್ ಮೇಲೆ ತಾರೀಕು, ಲಾಟ್ ಸಂಖ್ಯೆ ಬರೆದೆಯಾ? ಪೆನ್ಸಿಲ್‌ನಿಂದ ಬರೆ, ಈ ತೇವಕ್ಕೆ ಮಾರ್ಕರ್ ಅಳಿಸಿಹೋಗುತ್ತದೆ. ಕರಗಿಸಿದ್ದನ್ನು ಮತ್ತೆ ಗಟ್ಟಿಮಾಡಬೇಡ, ಉಳಿದರೆ ಚೆಲ್ಲು.

ಬೆಟ್ಟದಂಚು · ಜುಲೈ 22, ಬೆಳಿಗ್ಗೆ 6:30

ಓದಿ ಮನಸ್ಸಿಗೆ ಹಿತವಾಯಿತು. ಇಲ್ಲಿ ಮಳೆ ಬಿಟ್ಟಿಲ್ಲ, ಎರಡನೆಯ ಸಲ ಔಷಧ ಹೊಡೆಯುವುದು ಬಾಕಿ. ಆ ಸ್ನಾಯುವಿನ ಎಳೆಯ ಚಿತ್ರ ಇದ್ದರೆ ಹಾಕು, ಮೊಮ್ಮಗಳಿಗೆ ತೋರಿಸಬೇಕು.

ಮುರುಗಲು · ಜುಲೈ 24, ಸಂಜೆ 5:40

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ಹುಡುಗನ ಕಿವಿ ಪರೀಕ್ಷೆ ಆಯಿತು. ಎರಡೂ ಕಿವಿಯಲ್ಲಿ ಕೇಳುವುದು ಕಡಿಮೆ, ನರ ಚೆನ್ನಾಗಿದೆ, ಒಳಗಿನ ಮೂಳೆ ಬಿಗಿದಿದೆ ಅಂದರು. ಬೆರಳು ತೋರಿಸಿ ಈ ವಿಷಯ ಹೇಳಿದ್ದಕ್ಕೆ ಡಾಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡು ಪೂರ್ತಿ ಕೇಳಿದರು. ಜೀನ್ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಸದ್ಯಕ್ಕೆ ಕಿವಿಗೆ ಯಂತ್ರ, ಆಪರೇಷನ್ ಮಾಡಬಹುದೋ ಅಂತ ದೊಡ್ಡವನಾಗುತ್ತಾ ನೋಡೋಣ ಅಂದರು.

ಬರುವಾಗ ಶಾಲೆಗೆ ಹೋಗಿ ಅವನನ್ನು ಮೊದಲ ಬೆಂಚಿನಲ್ಲಿ ಕೂರಿಸಲು ಅಕ್ಕೋರಿಗೆ ಹೇಳಿ ಬಂದೆವು.